ಮುದ್ರೆಯಿಲ್ಲದ ಹಲ್ಲು

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನ ಮೇಲೆ ತಪ್ಪು ಹೊರಿಸಬಾರದು. ನನ್ನ ಎಡದವಡೆಯ ಹಲ್ಲು ಮುರಿದದ್ದು ನನ್ನ ಹೆಂಡತಿ ಸರ್ವಮಂಗಳಾ ಮಾಡಿದ ಕೋಡುಬಳೆಯಿಂದ. ಅವಳು ಇವತ್ತಿಗೂ ಇದನ್ನು ಒಪ್ಪುವುದಿಲ್ಲ. "ಅದೇ ಕೋಡುಬಳೆನ ಪಕ್ಕದ್ಮನೆ ಕಲ್ಯಾಣಮ್ಮನೋರೂ ತಿಂದ್ರು. ಎಪ್ಪತ್ತಾರು ವರ್ಷ ಅವರಿಗೆ. ಅವರದೇನೂ ಮುರೀಲಿಲ್ವಲ್ಲ" ಎನ್ನುತ್ತಾಳೆ. ಕಲ್ಯಾಣಮ್ಮನವರದು ಕಟ್ಟಿಸಿದ ಹಲ್ಲು. ಕಟ್ಟಿಸಿದ ಹಲ್ಲನ್ನು ಹುಟ್ಟಿದ ಹಲ್ಲಿನ ಜೊತೆ ಹೋಲಿಸುವುದು ಯಾವ ನ್ಯಾಯ ಎಂದು ಕೇಳಿದರೆ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತವೆ.

ಬೇರೆಯವರ ಹಲ್ಲು ಮುರಿದರೆ ಒಂದು ಹಲ್ಲು ಮುರಿಯಿತು, ಅಷ್ಟೇ. ನನ್ನ ಹಲ್ಲು ಮುರಿದರೆ ತರಗುಪೇಟೆಯ ವ್ಯಾಪಾರವೇ ಕುಂಟುತ್ತದೆ. ಇದು ಜಂಬವಲ್ಲ. ಮೂವತ್ತಾರು ವರ್ಷದಿಂದ ನಾನು ಅಲ್ಲಿ ಬೇಳೆಕಾಳಿನ ದಲ್ಲಾಳಿ. ಮೂಟೆಯಿಂದ ಒಂದು ತೊಗರಿಬೇಳೆ ತೆಗೆದು ಎಡದವಡೆಗಿಟ್ಟು ಕಚ್ಚುತ್ತೇನೆ. 'ಕಟ್' ಅಂದರೆ ಬೇಳೆ ಚೆನ್ನಾಗಿ ಒಣಗಿದೆ, ವರ್ಷವಿಟ್ಟರೂ ಕೆಡುವುದಿಲ್ಲ. 'ಪುಸ್' ಅಂದರೆ ಹಸಿಯಿದೆ, ತಿಂಗಳಲ್ಲಿ ಬೂಷ್ಟು ಹಿಡಿಯುತ್ತದೆ. ನಾನು ಕಚ್ಚಿ ತಲೆಯಾಡಿಸಿದ ಮೇಲೆ ಕೊಳ್ಳುವವನಾಗಲಿ ಮಾರುವವನಾಗಲಿ ಎರಡನೇ ಮಾತಾಡಿದ್ದಿಲ್ಲ. ಶಂಭುಲಿಂಗಪ್ಪ ಎಂಬ ನನ್ನ ಪೂರ್ತಿ ಹೆಸರು ಪೇಟೆಯಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ, 'ಕಟ್ ಶಂಭಣ್ಣ' ಎಂದರೆ ಬಿನ್ನಿಪೇಟೆಯವರೆಗೂ ಗೊತ್ತು. ಈಗ ತೇವಾಂಶ ಅಳೆಯುವ ಮಿಷನ್ ಬಂದಿದೆ. ಎಲ್ಲ ಮಂಡಿಯಲ್ಲೂ ಒಂದೊಂದಿದೆ. ಫ್ಯಾನಿನ ಗಾಳಿಗೆ ಬಿಲ್ಲು ಹಾರಿಹೋಗದಂತೆ ಅದನ್ನು ಬಿಲ್ಲಿನ ಮೇಲೆ ಇಟ್ಟಿರುತ್ತಾರೆ.

ನನ್ನ ತಮ್ಮನ ಮಗಳು ಚೈತನ್ಯಾ ಹಲ್ಲಿನ ಡಾಕ್ಟರು. ಚಾಮರಾಜಪೇಟೆಯಲ್ಲಿ ನಮ್ಮ ಮನೆಯಿಂದ ಎರಡು ರಸ್ತೆ ಆಚೆಗೆ ಕ್ಲಿನಿಕ್ ಇಟ್ಟಿದ್ದಾಳೆ. ರೂಟ್ ಕೆನಾಲ್ ಎಂದು ಮೂರು ಸಲ ಬಾಯಿ ತೆರೆಸಿ, ನಾಲ್ಕನೇ ಸಲ ಕ್ಯಾಪ್ ಕೂರಿಸಲು ಕರೆದಳು. ವಸಡಿಗೆ ಇಂಜೆಕ್ಷನ್ ಕೊಟ್ಟಳು. ಹತ್ತು ನಿಮಿಷದಲ್ಲಿ ಎಡಗೆನ್ನೆ ನನ್ನದೋ ಪಕ್ಕದ ಮನೆಯವರದೋ ತಿಳಿಯದ ಹಾಗೆ ಮರಗಟ್ಟಿತು. ಕ್ಯಾಪನ್ನು ಹಲ್ಲಿನ ಮೇಲೆ ಇಟ್ಟು, ಕಾರ್ಬನ್ ಪೇಪರಿನಂಥ ನೀಲಿ ಕಾಗದದ ತುಂಡೊಂದನ್ನು ಬಾಯಿಗೆ ತೂರಿಸಿದಳು.

"ಕಚ್ಚಿ ದೊಡ್ಡಪ್ಪ. ಟಕ್ ಟಕ್ ಅಂತ ಕಚ್ಚಿ. ಈಗ ಹಾಗೇ ಪಕ್ಕಕ್ಕೆ ಉಜ್ಜಿ."

ಕಾಗದ ತೆಗೆದು ಒಳಗೆ ಇಣುಕಿದಳು. "ಕ್ಯಾಪ್ ಮೇಲೆ ಒಂದು ಕಡೆ ಬಣ್ಣ ದಟ್ಟವಾಗಿ ಬಿದ್ದಿದೆ. ಅಲ್ಲಿ ಒಂಚೂರು ಹೈ ಇದೆ ಅನ್ಸುತ್ತೆ. ಬಾಯಿ ಮುಚ್ಚಿದಾಗ ಅದೊಂದೇ ಮೊದಲು ತಗಲ್ತಿದ್ಯಾ? ನಿಮಗೆ ಹೇಗನ್ಸುತ್ತೆ?"

ನೀವೇ ಹೇಳಿ, ಕಚ್ಚುವ ವಿಷಯದಲ್ಲಿ ನನ್ನನ್ನು ಪರೀಕ್ಷೆ ಮಾಡುವುದೇ? ಎಡಗಡೆ ಏನೂ ತಿಳಿಯುತ್ತಿರಲಿಲ್ಲ ಎಂಬುದು ನಿಜ. ಆದರೆ ಮೂವತ್ತಾರು ವರ್ಷದಲ್ಲಿ 'ಗೊತ್ತಾಗ್ತಿಲ್ಲ' ಎಂಬ ಮಾತು ನನ್ನ ಬಾಯಿಂದ ಬಂದದ್ದಿಲ್ಲ. "ಭೇಷಾಗಿದೆ" ಎಂದೆ. ಮರಗಟ್ಟಿದ ಬಾಯಿಂದ ಅದು 'ಬೇಫಾಗಿದೆ' ಎಂದು ಹೊರಬಂತು.

"ಇರಿ, ಆ ಜಾಗ ಕೂದಲೆಳೆಯಷ್ಟು ಉಜ್ಜಿಬಿಡ್ತೀನಿ" ಎಂದು ಅವಳು ಕುಯ್ಯೆನ್ನುವ ಯಂತ್ರ ಕೈಗೆತ್ತಿಕೊಂಡಳು. ನಾನು ಕುರ್ಚಿಯಲ್ಲಿ ಎದ್ದು ಕೂತೆ.

"ಏನಂದೆ? ಈಗ ತಾನೇ ಬಂದ ಮಾಲಮ್ಮ ಇದು! ಗಿರಾಕಿ ಕಣ್ಣೆದುರಿಗೇ ಉಜ್ಜಿ ತೂಕ ಕಡಿಮೆ ಮಾಡ್ತೀಯಾ?"

"ತೂಕದ ಮಾತಲ್ಲ ದೊಡ್ಡಪ್ಪ, ಎತ್ತರದ್ದು. ಮೇಲಿನ ಹಲ್ಲಿಗೆ ಹೊಂದ್ಕೋಬೇಕು."

"ನಮ್ಮ ಪೇಟೇಲಿ ಮೂಟೆ ತಲುಪಿಸೋಕೆ ಮುಂಚೆ ಬಾಯಿ ಬಿಚ್ಚಿ ಒಂದು ಹಿಡಿ ತೆಗೆದ್ರೆ ಅದಕ್ಕೇನಂತಾರೆ ಗೊತ್ತಾ? ನಿಮ್ಮಪ್ಪನ್ನ ಕೇಳು."

ಮಗು ಪಾಪ, ಹಿರಿಯರ ಜೊತೆ ಜಾಸ್ತಿ ವಾದ ಮಾಡುವವಳಲ್ಲ. "ಸರಿ, ಟೆಂಪರರಿ ಸಿಮೆಂಟ್ ಹಾಕಿ ಕೂರಿಸ್ತೀನಿ. ಮರಗಟ್ಟಿರೋದು ಬಿಟ್ಮೇಲೆ ನಾಳೆ ಬನ್ನಿ. ಕಚ್ಚುವಾಗ ಒಂಥರಾ ಅನ್ಸಿದ್ರಂತೂ ಬರ್ಲೇಬೇಕು" ಎಂದಳು. ಆಗಲಿ ಎಂದು ಬಂದೆ. ಮಾರನೇ ದಿನ ಹೋಗಲಿಲ್ಲ. ಬಾಯಿ ಮುಚ್ಚಿದಾಗ ಆ ಹಲ್ಲು ಸ್ವಲ್ಪ ಜುಂ ಎನ್ನುತ್ತಿತ್ತು. ಹೊಸ ಚಪ್ಪಲಿಯೂ ಎರಡು ದಿನ ಕಚ್ಚುತ್ತದೆ, ಅದಕ್ಕೆಲ್ಲ ಅಂಗಡಿಗೆ ವಾಪಸು ಓಡುತ್ತೇವೆಯೇ?

ಅಲ್ಲಿಂದಾಚೆಗೆ ಜಗತ್ತಿನಲ್ಲಿ ಒಂದು ವಿಚಿತ್ರ ಶುರುವಾಯಿತು. ಗರಿಗರಿ ಎಂಬುದೇ ಇಲ್ಲವಾಯಿತು. ಸಂಜೆ ಸರ್ವಮಂಗಳಾ ಚಕ್ಕುಲಿ ಕೊಟ್ಟಳು. ಬಾಯಿಗಿಟ್ಟರೆ ಒದ್ದೆ ರಟ್ಟು.

"ಏನೇ ಇದು, ಇಷ್ಟು ಮೆತ್ತಗೆ?"

"ಮೊನ್ನೆ ಗಟ್ಟಿ ಅಂದ್ರಿ, ಇವತ್ತು ಮೆತ್ತಗೆ ಅಂತೀರಿ. ನಿಮ್ಮ ಬಾಯಿಗೆ ಯಾವ ಹದದಲ್ಲಿ ಮಾಡ್ಲಿ ರೀ?" ಎಂದವಳು ನೇರ ಕಾಂಪೌಂಡಿಗೆ ಹೋಗಿ, "ಕಲ್ಯಾಣಮ್ಮನೋರೇ, ಒಂದು ನಿಮಿಷ ಬನ್ನಿ, ಸಾಕ್ಷಿ ಬೇಕು" ಎಂದು ಕೂಗಿದಳು. ಆ ಮುದುಕಿ ಗೋಡೆಯಾಚೆಯಿಂದಲೇ ಕೈಚಾಚಿ ಚಕ್ಕುಲಿ ತೆಗೆದುಕೊಂಡು ಕಚ್ಚಿದರು. ಸದ್ದು ರಸ್ತೆಯವರೆಗೂ ಕೇಳಿಸಿತು. "ಎಷ್ಟು ಗರಿಗರಿಯಾಗಿದೆ ಮಂಗಳಾ! ಇನ್ನೆರಡು ಕೊಡು" ಎಂದರು. ಹೆಂಗಸರು ಒಂದಾದರೆ ಸತ್ಯಕ್ಕೆ ಜಾಗವಿಲ್ಲ ಎಂದುಕೊಂಡು ಸುಮ್ಮನಾದೆ. ಮರುದಿನ ವಿಶ್ವೇಶ್ವರಪುರದ ತಿಂಡಿಬೀದಿಯಲ್ಲಿ ನಿಪ್ಪಟ್ಟಿನವನ ಜೊತೆಗೂ ಇದೇ ಜಗಳವಾಯಿತು. ಊರಿಗೆ ಊರೇ ಮೆತ್ತಗಾಗಿದೆ ಎಂದು ನನಗೆ ಖಾತ್ರಿಯಾಯಿತು.

ಸೋಮವಾರ ನಮ್ಮ ಸಮಾಜದ ವಿದ್ಯಾರ್ಥಿನಿಲಯಕ್ಕೆ ನಲವತ್ತು ಮೂಟೆ ತೊಗರಿಬೇಳೆ ಕೊಳ್ಳಲು ಕಾರ್ಯದರ್ಶಿ ಬಸವಪ್ರಭು ಬಂದರು. ಪ್ರತಿವರ್ಷ ದೊಡ್ಡಬೈರಪ್ಪನ ಮಂಡಿಯಿಂದಲೇ ಬೇಳೆ, ಪ್ರತಿವರ್ಷ ನನ್ನದೇ ಕಚ್ಚು. ಬೈರಪ್ಪ ನನ್ನ ಮೂವತ್ತು ವರ್ಷದ ಸ್ನೇಹಿತ. ಮಾಗಡಿ ಕಡೆಯ ಒಕ್ಕಲು ಮನೆತನದವನು. ಮಾತು ಒರಟು, ಮಾಲು ಅಪರಂಜಿ. ಹತ್ತಾರು ಜನ ನಿಂತಿದ್ದಾರೆ. ನಾನು ಒಂದು ಬೇಳೆ ತೆಗೆದು, ಕಣ್ಣುಮುಚ್ಚಿ ಕಚ್ಚಿದೆ.

ಪುಸ್.

ಇನ್ನೊಂದು ಮೂಟೆಯಿಂದ ತೆಗೆದು ಕಚ್ಚಿದೆ. ಪುಸ್. ಏಳು ಮೂಟೆ ಕಚ್ಚಿದೆ, ಏಳೂ ಪುಸ್.

"ಬೈರಪ್ಪ, ಹಸಿ ಇದೆ ಕಣಯ್ಯ" ಎಂದೆ.

ಬೈರಪ್ಪ ಮೊದಲು ನಕ್ಕ. ನಾನು ನಗಲಿಲ್ಲವೆಂದು ನೋಡಿ ಅವನ ಮುಖ ಕೆಂಪಾಯಿತು. "ಲೇ ಶಂಭು, ತಮಾಷೆಗೂ ಒಂದು ಮಿತಿ ಐತೆ. ಹನ್ನೊಂದು ದಿನ ಬಿಸಿಲಿಗೆ ಹಾಕಿಸಿರೋ ಮಾಲು! ಮಿಷನ್ ತತ್ತೀನಿ, ನೋಡು" ಎಂದು ಬಿಲ್ಲಿನ ಮೇಲಿದ್ದ ಮಿಷನ್ ತಂದು ಬೇಳೆ ಸುರಿದ. ಬಿಲ್ಲುಗಳೆಲ್ಲ ಹಾರಿದವು. ಮಿಷನ್ ಒಂಬತ್ತೂವರೆ ತೋರಿಸಿತು. ಅಂದರೆ ಬೇಳೆ ಒಣಗಿ ಗಲಗಲ ಎನ್ನುತ್ತಿದೆ ಎಂದರ್ಥ.

"ಮಿಷನ್ ಕೆಟ್ಟಿದೆ" ಎಂದೆ. ಮತ್ತೇನು ಹೇಳಬೇಕಿತ್ತು?

ಬಸವಪ್ರಭು ಮಿಷನ್ ನೋಡಿದರು, ನನ್ನ ಬಾಯಿ ನೋಡಿದರು. "ಬೈರಪ್ಪನೋರೇ, ತಪ್ಪು ತಿಳ್ಕೋಬೇಡಿ. ಹಾಸ್ಟೆಲ್ ಮಕ್ಕಳ ಊಟದ ವಿಷಯ. ಶಂಭಣ್ಣನೋರ ಹಲ್ಲು ಬೇಡ ಅಂದಮೇಲೆ ನಾನು ಹೇಗೆ ತಗೊಳ್ಲಿ?" ಎಂದು ಹೊರಟೇಬಿಟ್ಟರು. ಬೈರಪ್ಪ ಬಗ್ಗಿ ಹಾರಿಬಿದ್ದ ಬಿಲ್ಲುಗಳನ್ನು ಒಂದೊಂದಾಗಿ ಆರಿಸತೊಡಗಿದ. ಒಂದು ಬೈಗುಳ ಬೈದಿದ್ದರೂ ನನಗೆ ಸಮಾಧಾನವಾಗುತ್ತಿತ್ತು.

ನಾನು ಪಕ್ಷಪಾತಿಯಲ್ಲ. ಪಕ್ಕದ ಮಧುಸೂದನ್ ಮಂಡಿಯಲ್ಲೂ ಕಚ್ಚಿ ನೋಡಿದೆ, ಅಲ್ಲೂ ಪುಸ್. ಎದುರುಸಾಲಿನ ಮೂರು ಮಂಡಿಯಲ್ಲೂ ಪುಸ್. ತರಗುಪೇಟೆಯ ಬೇಳೆಯೆಲ್ಲ ಒಂದೇ ದಿನ ಹಸಿಯಾಗಿದ್ದರೆ ಬೇರೆ ಯಾರಾದರೂ ಏನನ್ನು ಅನುಮಾನಿಸುತ್ತಿದ್ದರೋ ಗೊತ್ತಿಲ್ಲ. ನಾನು ಹವಾಮಾನವನ್ನು ಅನುಮಾನಿಸಿದೆ. ಪೇಟೆಯವರು ಬೈರಪ್ಪನನ್ನು ಅನುಮಾನಿಸಿದರು. 'ಬೇರೆ ಮಂಡಿಗೂ ಅವನ ಗೋಡೌನಿಂದಲೇ ಮಾಲು ಹೋಗಿರಬೇಕು' ಎಂದು ವ್ಯಾಪಾರಿಗಳ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಹಾಕಿದರು. 'ತೂಕ ಬರಲಿ ಅಂತ ನೀರು ಚಿಮುಕಿಸ್ತಾನಂತೆ' ಎಂದು ಇನ್ನೊಬ್ಬರು. ಅದರ ಕೆಳಗೆ ಹದಿನಾಲ್ಕು ಜನ ಕೈಮುಗಿದ ಚಿತ್ರ ಹಾಕಿದರು. ಅದರಲ್ಲಿ ಕೈಮುಗಿಯುವುದು ಏನಿತ್ತೋ ನನಗೆ ತಿಳಿಯಲಿಲ್ಲ. ಎರಡು ದಿನದಲ್ಲಿ ಬೈರಪ್ಪನ ಮಂಡಿಯ ಮುಂದೆ ಗಾಡಿ ನಿಲ್ಲುವುದು ನಿಂತುಹೋಯಿತು.

ಬುಧವಾರ ವ್ಯಾಪಾರಿಗಳ ಸಂಘದ ಜಗುಲಿಯಲ್ಲಿ ತಕ್ಕಡಿಗಳಿಗೆ ಮುದ್ರೆ ಹಾಕುವ ಕೆಲಸವಿತ್ತು. ವರ್ಷಕ್ಕೊಮ್ಮೆ ತೂಕ ಅಳತೆ ಇಲಾಖೆಯಿಂದ ಇನ್ಸ್‌ಪೆಕ್ಟರ್ ಬರುತ್ತಾರೆ. ನಾವೆಲ್ಲ ತಕ್ಕಡಿ, ತೂಕದ ಬಟ್ಟು ಹೊತ್ತುಕೊಂಡು ಹೋಗುತ್ತೇವೆ, ಅವರು ಪರೀಕ್ಷೆ ಮಾಡಿ ಮುದ್ರೆ ಒತ್ತುತ್ತಾರೆ. ಈ ಸಲ ಬಂದವರು ಯಮುನಾ ಮೇಡಂ. ಕನ್ನಡಕದ ಮೇಲಿಂದ ನೋಡಿದರೆ ಎದುರಿಗಿರುವವನ ತೂಕ ಎರಡು ಕಿಲೋ ಇಳಿಯುತ್ತದೆ. ಅವರ ಮುಂದೆ ಬೈರಪ್ಪ ತಕ್ಕಡಿ ಇಟ್ಟು, ಇಟ್ಟ ಕೈಯನ್ನೇ ನನ್ನ ಕಡೆ ತೋರಿಸಿದ.

"ಮೇಡಂ, ನನ್ನ ತಕ್ಕಡಿಗೆ ಮುದ್ರೆ ಹಾಕ್ತೀರಿ. ಈ ಮನುಷ್ಯ ನನ್ನ ಮಾಲು ಹಸಿ ಅಂತ ಊರೆಲ್ಲಾ ಸಾರಿದಾನಲ್ಲ, ಇವನ ಅಳತೇನ ಯಾರು ನೋಡ್ಬೇಕು?"

"ಯಾವುದರಲ್ಲಿ ಅಳೆದ್ರಿ?" ಮೇಡಂ ನನ್ನನ್ನು ಕೇಳಿದರು.

"ಹಲ್ಲಲ್ಲಿ" ಎಂದೆ, ತಲೆಯೆತ್ತಿ.

"ಯಾವ ಕಂಪನೀದು?"

"ಕಂಪನೀದಲ್ಲ ಮೇಡಂ, ನನ್ನದೇ ಹಲ್ಲು. ಮೂವತ್ತಾರು ವರ್ಷದ ಸರ್ವೀಸು."

ಅವರು ನಗಲಿಲ್ಲ. ನಕ್ಕಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ. ಪುಸ್ತಕದಲ್ಲಿ ಏನೋ ಬರೆಯುತ್ತ, "ಇತ್ತೀಚೆಗೆ ಅದಕ್ಕೇನಾದ್ರೂ ರಿಪೇರಿ ಆಗಿದ್ಯಾ?" ಎಂದರು.

"ಹೋದ ವಾರ ಕ್ಯಾಪ್ ಹಾಕಿಸಿದೀನಿ. ಆದ್ರೆ..."

"ರಿಪೇರಿ ಆದ ತಕ್ಕಡಿನ ಮತ್ತೆ ಪರೀಕ್ಷೆ ಮಾಡಿಸ್ದೆ ವ್ಯಾಪಾರಕ್ಕೆ ಉಪಯೋಗಿಸಬಹುದಾ? ನೀವೇ ಹೇಳಿ, ಹಳೇ ವ್ಯಾಪಾರಸ್ಥರು."

ಉಪಯೋಗಿಸಬಾರದು. ಪೇಟೆಯಲ್ಲಿ ಹುಟ್ಟಿದ ಕೂಸಿಗೂ ಇದು ಗೊತ್ತು. ಮೂವತ್ತಾರು ವರ್ಷದಲ್ಲಿ ರಿಪೇರಿಯಾದ ತಕ್ಕಡಿಯನ್ನು ನಾನೇ ಎಷ್ಟು ಜನರಿಂದ ಪಕ್ಕಕ್ಕಿಡಿಸಿದ್ದೇನೋ ಲೆಕ್ಕವಿಲ್ಲ. ಜಗುಲಿಯಲ್ಲಿದ್ದವರು ಗೊಳ್ಳೆಂದು ನಕ್ಕರು. "ಶಂಭಣ್ಣ, ಬಾಯಿ ತೆಗೀರಿ, ಮುದ್ರೆ ಒತ್ತಿಸೋಣ" ಎಂದ ಮಧುಸೂದನ್. ಬೈರಪ್ಪನೊಬ್ಬ ನಗಲಿಲ್ಲ.

ಕೋಪ ನೆತ್ತಿಗೇರಿ ಅಲ್ಲಿಂದ ನೇರ ಚೈತನ್ಯಾಳ ಕ್ಲಿನಿಕ್ಕಿಗೆ ನಡೆದೆ. "ನನ್ನ ಹಲ್ಲು ಸರಿಯಾಗಿದೆ ಅಂತ ನಿನ್ನ ಲೆಟರ್‌ಹೆಡ್ಡಲ್ಲಿ ಬರ್ದುಕೊಡು. ಸೀಲ್ ಹಾಕು. ಆ ಮೇಡಂ ಮುಖದ ಮೇಲೆ ಹಿಡೀಬೇಕು" ಎಂದೆ.

"ಮೊದಲು ಕೂತ್ಕೊಳ್ಳಿ" ಎಂದು ಮತ್ತೆ ಆ ನೀಲಿ ಕಾಗದ ಕಚ್ಚಿಸಿದಳು. ಆಮೇಲೆ ಕನ್ನಡಿ ಕೊಟ್ಟಳು. "ನೋಡಿ. ಬಾಯಿ ಮುಚ್ಚಿದ್ರೆ ಎರಡೂ ಕಡೆ ಹಲ್ಲುಗಳ ಮೇಲೆಲ್ಲಾ ಸಣ್ಣ ಸಣ್ಣ ನೀಲಿ ಗುರುತು ಬೀಳ್ಬೇಕು. ನಿಮ್ಮ ಬಾಯಲ್ಲಿ ಒಂದೇ ಒಂದು ಬಿದ್ದಿದೆ, ಕ್ಯಾಪ್ ಮೇಲೆ. ಮಿಕ್ಕ ಹಲ್ಲೆಲ್ಲಾ ಒಂದಕ್ಕೊಂದು ತಗಲ್ತಾನೇ ಇಲ್ಲ."

"ಒಂದು ಕೂದಲೆಳೆಗೆ ಇಷ್ಟೆಲ್ಲಾನಾ?"

"ಕಣ್ಣಿಗೆ ಕೂದಲೆಳೆ. ದವಡೆಗೆ ಅದು ರಸ್ತೆ ಹಂಪ್. ಕಚ್ಚೋಕೆ ಹೋದ್ರೆ ಮೊದಲು ಅದೇ ತಗುಲಿ ಜುಂ ಅನ್ನುತ್ತೆ. ಅದನ್ನ ತಪ್ಪಿಸ್ಕೊಳ್ಳೋಕೆ ದವಡೆ ತಾನೇ ಪಕ್ಕಕ್ಕೆ ಜಾರೋದು ಕಲ್ತುಬಿಡುತ್ತೆ. ನಿಮಗೆ ಗೊತ್ತೇ ಆಗಲ್ಲ. ನೀವು ಬೇಳೆನ ನೇರವಾಗಿ ಕಚ್ತಿಲ್ಲ ದೊಡ್ಡಪ್ಪ, ಓರೆಯಾಗಿ ಅರೀತಿದೀರಿ, ಅದೂ ಹೆದರ್ಕೊಂಡು. ಕಟ್ ಅಂತ ಹೇಗೆ ಮುರಿಯುತ್ತೆ?"

ಓರೆ. ಹೆದರಿಕೊಂಡು. ಕಟ್ ಶಂಭಣ್ಣನಿಗೆ ಈ ಎರಡು ಮಾತು ಕೇಳುವ ಕಾಲ ಬಂತು. ನನಗೆ ಆ ಕ್ಯಾಪಿನ ಮೇಲೆ, ಅದನ್ನು ಮಾಡಿಕೊಟ್ಟ ಲ್ಯಾಬಿನ ಮೇಲೆ, ಕೋಡುಬಳೆಯ ಮೇಲೆ ಸಿಟ್ಟು ಬಂತು. ಅಷ್ಟರಲ್ಲಿ ಚೈತನ್ಯಾ ಯಂತ್ರ ಎತ್ತಿಕೊಂಡಳು. ಬೇಡ ಎಂದು ಕೈ ಹಿಡಿದೆ.

"ಮತ್ತೆ ತೂಕದ ವಿಷಯಾನಾ?"

"ಅಲ್ಲಮ್ಮ. ಸಂಜೆವರೆಗೂ ಹಾಗೇ ಇರ್ಲಿ. ಸ್ಯಾಂಪಲ್ ನೋಡ್ದೆ ನಂಬೋ ಜನ ಅಲ್ಲ ನಮ್ಮವರು."

ನನ್ನ ಊಹೆ ಸರಿಯಾಗಿತ್ತು. ಪೇಟೆಗೆ ವಾಪಸು ಹೋಗಿ, ಸಂಘದ ಜಗುಲಿಯ ಮೇಲೆ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದೆ: "ಬೈರಪ್ಪನ ಬೇಳೆ ಒಣಗಿದೆ. ಕೆಟ್ಟಿರೋದು ನನ್ನ ಹಲ್ಲು." ಜೀವನದಲ್ಲಿ ಇದಕ್ಕಿಂತ ಕಷ್ಟದ ಮಾತು ನಾನು ಆಡಿಲ್ಲ. ನಾಳೆಯಿಂದ ನನ್ನ ಕಚ್ಚಿಗೆ ಬೆಲೆಯಿರುವುದಿಲ್ಲ ಎಂದು ಗೊತ್ತಿದ್ದೂ ಹೇಳಿದೆ. ಬೇರೆ ಬೇಳೆ ವಿಚಾರಿಸಲು ಪೇಟೆಗೆ ಬಂದಿದ್ದ ಬಸವಪ್ರಭು ನನ್ನ ಎರಡೂ ಕೈ ಹಿಡಿದುಕೊಂಡರು.

"ದೊಡ್ಡ ಮನಸ್ಸು ಶಂಭಣ್ಣ ನಿಮ್ಮದು. ಸ್ನೇಹಿತನ ಮಾನ ಉಳಿಸೋಕೆ ನಿಮ್ಮ ಹಲ್ಲಿನ ಮೇಲೇ ಅಪವಾದ ಹಾಕ್ಕೊಳ್ತಿದೀರಲ್ಲ! ಈ ಕಾಲದಲ್ಲಿ ಯಾರು ಮಾಡ್ತಾರೆ?"

"ಅಯ್ಯೋ ಅಲ್ಲ ಸ್ವಾಮಿ, ನಿಜವಾಗ್ಲೂ ಹಲ್ಲು ಕೆಟ್ಟಿದೆ!"

"ಆಯ್ತು, ಆಯ್ತು" ಎಂದು ಎಲ್ಲರೂ ಕಣ್ಣು ಒರೆಸಿಕೊಳ್ಳುವವರ ಹಾಗೆ ತಲೆಯಾಡಿಸಿದರು. ನಾನು ಕೂಗಾಡಿದಷ್ಟೂ ನನ್ನ ಮನಸ್ಸು ದೊಡ್ಡದಾಗುತ್ತ ಹೋಯಿತು, ಬೈರಪ್ಪನ ಬೇಳೆ ಹಸಿಯಾಗುತ್ತ ಹೋಯಿತು. ಹಸಿಯೆಂದು ಸುಳ್ಳು ಹೇಳಿದಾಗ ನಂಬಿದ ಜನ ನಿಜ ಹೇಳಿದಾಗ ನಂಬುವುದಿಲ್ಲ ಎಂದರೆ ಇದಕ್ಕೆ ಏನೆನ್ನಬೇಕು? "ಹಾಗಾದ್ರೆ ನಡೀರಿ ಎಲ್ರೂ, ನನ್ನ ಬಾಯಿ ನೋಡೋಕೆ!" ಎಂದು ಗದರಿದೆ.

ಸಂಜೆ ಐದಕ್ಕೆ ಚೈತನ್ಯಾಳ ಪುಟ್ಟ ಕ್ಲಿನಿಕ್ಕಿನಲ್ಲಿ ಹನ್ನೊಂದು ಜನ ವ್ಯಾಪಾರಿಗಳು, ಚಪ್ಪಲಿ ಹೊರಗೆ ಬಿಟ್ಟು, ಗೋಡೆಗೆ ಒತ್ತಿ ನಿಂತಿದ್ದರು. ಬೈರಪ್ಪ ಬಾಗಿಲಲ್ಲಿದ್ದ. ಬರುವುದಿಲ್ಲ ಎಂದವನನ್ನು ಬಸವಪ್ರಭು ಎಳೆದು ತಂದಿದ್ದರು. ಅವನ ಮುಷ್ಟಿಯಲ್ಲಿ ಅವನ ಮಂಡಿಯದೇ ಒಂದಿಷ್ಟು ಬೇಳೆ. ನಾನು ಮತ್ತೆ ನೀಲಿ ಕಾಗದ ಕಚ್ಚಿ, ಅಂಗಾತ ಬಾಯಿ ತೆರೆದು ಮಲಗಿದೆ. ಎತ್ತು ಕೊಳ್ಳುವವರು ಹಲ್ಲು ನೋಡುವ ಹಾಗೆ ಒಬ್ಬೊಬ್ಬರೇ ಬಂದು ಬಗ್ಗಿ ನೋಡಿದರು. ಚೈತನ್ಯಾ ಪ್ರತಿಯೊಬ್ಬರಿಗೂ ತೋರಿಸಿದಳು: ಇಲ್ಲೊಂದೇ ನೀಲಿ ಚುಕ್ಕೆ, ಇದೇ ಎತ್ತರ, ಮಿಕ್ಕದ್ದೆಲ್ಲ ಖಾಲಿ. ಮಧುಸೂದನ್ ತನ್ನ ಫೋನಿನ ಟಾರ್ಚ್ ಹಾಕಿ, "ಹೌದು ಕಣ್ರೀ, ಒಂದೇ ಚುಕ್ಕೆ!" ಎಂದು ಹಿಂದಿನವರಿಗೆ ವರದಿ ಕೊಟ್ಟ. ಬಸವಪ್ರಭು ಎರಡು ಸಲ ನೋಡಿದರು. ಆ ಬಾಯಲ್ಲಿ ಇನ್ನೂ ಯಾವ ಯಾವ ಹಲ್ಲು ಸವೆದಿವೆ, ಎಲ್ಲಿ ಎಲೆಅಡಿಕೆ ಕರೆಯಿದೆ ಎಂಬುದೂ ಅವತ್ತು ಬಹಿರಂಗವಾಯಿತು.

ಕೊನೆಗೆ ಬೈರಪ್ಪ ಬಂದ. ಅಷ್ಟರಲ್ಲಿ ಚೈತನ್ಯಾ ಎರಡೂ ಕೆನ್ನೆಗೆ ಹತ್ತಿ ತುರುಕಿದ್ದಳು. ಅವನು ಚುಕ್ಕೆಯನ್ನು ನೋಡಲಿಲ್ಲ. ನನ್ನ ಮುಖ ನೋಡಿದ.

"ಒಂದೇ ಮಾತು ಕೇಳ್ತೀನಿ ಶಂಭು. ಆ ಹಲ್ಲು ಬಂದು ಒಂದು ವಾರ ಆಗಿತ್ತು. ನಾನು ನಿಂಗೆ ಮೂವತ್ತು ವರ್ಷದಿಂದ ಗೊತ್ತು. ಇಬ್ಬರಲ್ಲಿ ಒಬ್ಬನ ಮೇಲೆ ಅನುಮಾನ ಪಡ್ಬೇಕು ಅಂತ ಬಂದಾಗ, ಹಲ್ಲಿನ ಮೇಲೆ ಒಂದು ಸಲಾನೂ ಬರ್ಲಿಲ್ವೇನೋ?"

ಯಂತ್ರ ಕುಯ್ಯೆಂದಿತು. ಒಂದು ನಿಮಿಷವೂ ಹಿಡಿಯಲಿಲ್ಲ. ಕಾಗದ ಕಚ್ಚಿಸಿದಳು, ಮತ್ತೆ ಒಂದಿಷ್ಟು ಉಜ್ಜಿದಳು, ಮತ್ತೆ ಕಚ್ಚಿಸಿದಳು. ಹಲ್ಲುಗಳ ಮೇಲೆಲ್ಲ ಸಣ್ಣ ಚುಕ್ಕೆಗಳು ಬಂದಿವೆ ಎಂದಳು. ಹತ್ತಿ ತೆಗೆದಳು. ಈ ಒಂದು ವಾರ ನಾನು ಹೆಂಡತಿಯ ಮೇಲೆ, ನಿಪ್ಪಟ್ಟಿನವನ ಮೇಲೆ, ಮಿಷನ್ ಮೇಲೆ, ಯಮುನಾ ಮೇಡಂ ಮೇಲೆ ಸಿಟ್ಟಾಗಿದ್ದೆ. ಆಗ ನನ್ನ ಮೇಲೇ ಸಿಟ್ಟು ಬಂತು. ನಾಚಿಕೆಯೂ ಆಯಿತು.

ಬೈರಪ್ಪ ಮುಷ್ಟಿ ಬಿಚ್ಚಿ ಬೇಳೆ ಮುಂದೆ ಹಿಡಿದ.

"ಬೇಡ ಬೈರಪ್ಪ" ಎಂದೆ. "ನಿನ್ನ ಮಾಲನ್ನ ಇನ್ನು ನಾನು ಕಚ್ಚಿ ನೋಡಲ್ಲ. ನೀನು ಒಣಗಿದೆ ಅಂದ್ರೆ ಒಣಗಿದೆ."

ಇದನ್ನು ಕೇಳಿ ಅವನ ಕಣ್ಣು ತುಂಬೀತು ಎಂದುಕೊಂಡಿದ್ದೆ. ಮುಖ ಕೆಂಡವಾಯಿತು.

"ಕಚ್ಚಲ್ವಾ? ಹತ್ತು ಜನದ ಮುಂದೆ ಪುಸ್ ಅನ್ನಿಸಿ, ಈಗ ನಿಂಗೆ ಮರ್ಯಾದೆ ನೆನಪಾಯ್ತಾ? ನನ್ನ ಬೇಳೆ ನಿನ್ನ ದಯೆಯಿಂದ ಒಣಗ್ಬೇಕಾ? ಕಚ್ಚೋ! ಇವರೆಲ್ಲಾ ಕೇಳ್ಬೇಕು!"

ಒಂದು ಬೇಳೆ ತೆಗೆದು ಎಡದವಡೆಗಿಟ್ಟು ಕಚ್ಚಿದೆ.

ಕಟ್.

ಆ ಸದ್ದಿಗೆ ಗೋಡೆಗೊತ್ತಿ ನಿಂತವರೆಲ್ಲ ನಿಟ್ಟುಸಿರು ಬಿಟ್ಟರು. ಬಸವಪ್ರಭು, "ನಲವತ್ತು ಮೂಟೆ ನಾಳೇನೇ ಕಳಿಸ್ಬಿಡಿ ಬೈರಪ್ಪನೋರೇ" ಎಂದರು. ಬೈರಪ್ಪ ಅವರ ಕಡೆ ತಿರುಗಲಿಲ್ಲ. ಅಂಗೈ ನನ್ನ ಮುಂದೆ ಹಾಗೇ ಇತ್ತು.

"ಇನ್ನೊಂದು" ಎಂದ.

ಕಚ್ಚಿದೆ. ಕಟ್ ಎಂದಿತು.

"ಇನ್ನೊಂದು."

ಒಬ್ಬೊಬ್ಬರೇ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಚೈತನ್ಯಾ ಕೈಗವಸು ಕಳಚಿ ಮೂಲೆಯ ಕುರ್ಚಿಯಲ್ಲಿ ಕೂತಳು. ಅವನ ಅಂಗೈ ಖಾಲಿಯಾಗುವವರೆಗೂ ನಾನು ಒಂದೊಂದೇ ಬೇಳೆ ತೆಗೆದು ಕಚ್ಚಿದೆ.